ಮೇಜು ಬೇಕು, ಮೇಷ್ಟ್ರು ಬೇಡ

ನಮಸ್ಕಾರ. ಇವತ್ತು ಆರ್ಟ್ ಗ್ಯಾಲರಿಗಳ ಜೊತೆ ಸಣ್ಣದೊಂದು ಜಗಳ ತೆಗೆಯಬೇಕು ಅಂತ ಕೂತಿದ್ದೇನೆ. ಜಗತ್ತಿಗೆಲ್ಲ ಗೊತ್ತಿರುವ ದೊಡ್ಡ ಗ್ಯಾಲರಿಗಳನ್ನು ಬಿಡಿ, ಅವುಗಳ ಜೊತೆ ಜಗಳ ಆಡುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಇಡೀ ಪ್ರಾಂತ್ಯಕ್ಕೆ ಒಂದೇ ಒಂದು ಅಂತ ಇರುತ್ತದಲ್ಲ, ನಾನು ಹೇಳುತ್ತಿರುವುದು ಅಂಥ ಗ್ಯಾಲರಿಯ ಮಾತು. ನಾಲ್ಕು ಕೋಣೆ, ಮುಂದೆ ಒಂದು ಮೊಗಸಾಲೆ, ಸುತ್ತಮುತ್ತಲಿನ ಕಲಾವಿದರ ಚಿತ್ರಗಳು. ಮಧ್ಯಾಹ್ನ ಒಳಗೆ ಕಾಲಿಟ್ಟರೆ ನಮ್ಮ ಚಪ್ಪಲಿ ಸದ್ದು ನಮಗೇ ಕೇಳಿಸುತ್ತದೆ, ಅಷ್ಟು ಮೌನ.

ಇಂಥ ಗ್ಯಾಲರಿಗಳು ಈಗೀಗ ಒಂದು ಒಳ್ಳೆ ಕೆಲಸ ಶುರು ಮಾಡಿವೆ. ವಾರಕ್ಕೋ ತಿಂಗಳಿಗೋ ಒಂದು ದಿನ ಜನರನ್ನು ಕರೆಯುತ್ತವೆ. ಹೊಲಿಗೆ ತನ್ನಿ, ಹೆಣಿಗೆ ತನ್ನಿ, ಕಾಗದ, ಬಣ್ಣ, ಜೇಡಿಮಣ್ಣು, ನಿಮ್ಮ ಕೈಗೆ ಯಾವುದು ಒಗ್ಗುತ್ತದೋ ಅದನ್ನು ತನ್ನಿ, ಎಲ್ಲರೂ ಒಟ್ಟಿಗೆ ಕೂತು ಮಾಡೋಣ ಅಂತ. ನಾನೂ ಹೋಗುತ್ತೇನೆ. ಹೋಗುತ್ತೇನೆ ಅಂದ ಮಾತ್ರಕ್ಕೆ ನನ್ನನ್ನು ದೊಡ್ಡ ಕುಶಲಕರ್ಮಿ ಅಂದುಕೊಳ್ಳಬೇಡಿ. ಕ್ರೋಶಾ ಕಡ್ಡಿ ಹಿಡಿದು ಮೂರು ವರ್ಷ ಆಯಿತು, ಇವತ್ತಿಗೂ ನಾನು ಹೆಣೆಯುವ ಚೌಕ ಚೌಕವಾಗಿ ಮುಗಿದಿಲ್ಲ. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಕುಣಿಕೆ ಎಲ್ಲೋ ತಪ್ಪಿಸಿಕೊಂಡು ಹೋಗಿರುತ್ತದೆ. ಮೇಲೆ ಮೇಲೆ ಹೋದಂತೆ ಅಗಲ ಕಮ್ಮಿಯಾಗಿ, ಕೊನೆಗೆ ಕೈಯಲ್ಲಿ ಒಂದು ತ್ರಿಕೋನ ಉಳಿಯುತ್ತದೆ.

ಮತ್ತೆ ಜಗಳ ಯಾಕೆ? ಗ್ಯಾಲರಿಯವರಿಗೆ ಸುಮ್ನಿರಲು ಬರುವುದಿಲ್ಲ, ಅದಕ್ಕೆ. ಜನ ತಾವಾಗಿ ಕೂತು ಏನೋ ಮಾಡಿಕೊಳ್ಳುತ್ತಿದ್ದರೆ ಅವರಿಗೆ ತಳಮಳ. ಒಬ್ಬ ಮೇಷ್ಟ್ರನ್ನು ತಂದು ಕೂರಿಸುತ್ತಾರೆ. ಒಂದು ವಿಷಯ ಕೊಡುತ್ತಾರೆ. ಒಂದು ಕಿಟ್ ಹಂಚುತ್ತಾರೆ. ಕೂಟ ಹೋಗಿ ಕಾರ್ಯಾಗಾರ ಆಗುತ್ತದೆ.

ಒಂದು ಸಲ ಹೀಗೇ ಆಯಿತು. ಹೋಗಿ ನೋಡಿದರೆ ಪ್ರತಿ ಕುರ್ಚಿಯ ಮುಂದೆ ಒಂದೊಂದು ಪ್ಯಾಕೆಟ್. ಒಳಗೆ ಕಸೂತಿ ರಿಂಗು, ಮೊದಲೇ ಹೂವಿನ ಅಚ್ಚು ಹಾಕಿದ ಬಿಳಿ ಬಟ್ಟೆ, ಅಳತೆ ಮಾಡಿ ಕತ್ತರಿಸಿದ ಮೂರು ಬಣ್ಣದ ದಾರ, ಒಂದು ಸೂಜಿ. ಪರದೆ ಮೇಲೆ ಹಂತ ಒಂದು, ಹಂತ ಎರಡು. ಎರಡು ಗಂಟೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲ್ಲರ ಕಣ್ಣೂ ಪರದೆಗೆ. ಕೊನೆಗೆ ಫೋಟೋ ತೆಗೆಯಲು ಎಲ್ಲರ ರಿಂಗುಗಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಫೋಟೋ ಚೆನ್ನಾಗಿಯೇ ಬಂತು. ಆದರೆ ವಾಪಸ್ ತೆಗೆದುಕೊಳ್ಳುವಾಗ ಯಾರ ಹೂವು ಯಾರದು ಅಂತ ಯಾರಿಗೂ ಗೊತ್ತಾಗಲಿಲ್ಲ! ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಟೆವು. ನನ್ನ ಮನೆಯಲ್ಲಿ ಈಗ ಇರುವ ಹೂವು ಬಹುಶಃ ಬೇರೆ ಯಾರದೋ. ನನಗಿಂತ ಚೆನ್ನಾಗಿ ಹೊಲಿದವರದು ಅನ್ನುವುದಂತೂ ಖಾತ್ರಿ.

ಕಲಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಲಿಯಬೇಕು ಅನ್ನುವವರು ಕ್ಲಾಸಿಗೆ ಸೇರಲಿ, ಗ್ಯಾಲರಿ ಬೇರೆ ದಿನ ಕ್ಲಾಸ್ ಇಡಲಿ. ಕೂಟದ ಕೆಲಸವೇ ಬೇರೆ. ಅಲ್ಲಿ ಕಲಿಕೆ ಪಕ್ಕದ ಕುರ್ಚಿಯಿಂದ ಬರುತ್ತದೆ. ನನಗೆ ಕಡ್ಡಿ ಹಿಡಿಯುವುದನ್ನು ತೋರಿಸಿದವರು ಗಾಡಿ ರಿಪೇರಿ ಕೆಲಸದಿಂದ ನಿವೃತ್ತರಾದ ಒಬ್ಬರು. ದಪ್ಪ ಬೆರಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. 'ದಾರ ಬಿಗಿ ಹಿಡಿಯಬೇಡಿ, ಅದು ಓಡಿಹೋಗಲ್ಲ' ಅಂದರು ಅಷ್ಟೇ. ಮೂರು ವಾರದಿಂದ ನಾನು ಕುಣಿಕೆಗಳನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದೆ ಅಂದರೆ ಕಡ್ಡಿಯ ತುದಿಯೇ ಒಳಗೆ ತೂರುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ನನ್ನ ಕೈ ನೋಡಿದವರು ಮಾತ್ರ ಅದನ್ನು ಹೇಳಲು ಸಾಧ್ಯ. ಪರದೆ ಹೇಳುವುದಿಲ್ಲ.

ಇನ್ನೊಂದು ವಿಷಯ ಗಮನಿಸಿದ್ದೀರಾ? ಎದುರುಬದುರು ಕೂತು 'ಹೇಗಿದ್ದೀರಿ' ಅಂದರೆ 'ಚೆನ್ನಾಗಿದ್ದೇನೆ' ಅನ್ನುತ್ತೇವೆ, ಮಾತು ಅಲ್ಲಿಗೆ ಮುಗಿಯಿತು. ಕೈಗೆ ಕೆಲಸ ಇದ್ದು, ಕಣ್ಣು ಸೂಜಿಯ ಮೇಲೆ ಇದ್ದಾಗ ಬೇರೆ ಥರದ ಮಾತು ಬರುತ್ತದೆ. ಆಸ್ಪತ್ರೆಯ ಮಾತು, ಮಾತು ಬಿಟ್ಟ ಮಗನ ಮಾತು, ಮಾರಿಬಿಟ್ಟ ಮನೆಯ ಮಾತು. ನಡುವೆ ಸುಮ್ಮನಾದರೂ ಮುಜುಗರ ಇಲ್ಲ, ಒಂದು ಸಾಲು ಮುಗಿಸಿ ಮುಂದುವರಿಸಬಹುದು. ಮೇಷ್ಟ್ರು ಬಂದು ಮೈಕ್ ಹಿಡಿದರೆ ಇದೆಲ್ಲ ಬಂದ್.

ಹಾಗಾದರೆ ಯಾರೂ ಏನೂ ಹೇಳಿಕೊಡದೆ ದೊಡ್ಡ ಕೆಲಸ ಆಗುತ್ತದಾ ಅಂತ ಕೇಳಬಹುದು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉದಾಹರಣೆ ಹೇಳಲೇಬೇಕು. 2005ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಅನ್ನುವ ಅವಳಿ ಸೋದರಿಯರು ಕ್ರೋಶಾದಲ್ಲಿ ಹವಳದ ದಿಬ್ಬ ಹೆಣೆಯಲು ಶುರು ಮಾಡಿದರು. ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಂಡು ಸಾಯುತ್ತಿದೆ, ಅದಕ್ಕೆ ನಮ್ಮ ಕೈಯಿಂದ ಏನಾದರೂ ಮಾಡೋಣ ಅಂತ. ಇದರ ಹಿಂದೆ ಒಂದು ಗಣಿತ ಇದೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಹೈಪರ್ಬಾಲಿಕ್ ಮೇಲ್ಮೈ ಅನ್ನುವುದನ್ನು, ಅಂದರೆ ಅಂಚಿಗೆ ಹೋದಂತೆ ಅಲೆಅಲೆಯಾಗಿ ಸುತ್ತಿಕೊಳ್ಳುವ ಒಂದು ಆಕಾರವನ್ನು, ಕ್ರೋಶಾದಲ್ಲಿ ಹೆಣೆದು ಕೈಗೆ ಕೊಟ್ಟರು. ಅದಕ್ಕೂ ಮೊದಲು ಕಾಗದದ ಮಾದರಿಗಳು ಇದ್ದವು, ಮುಟ್ಟಿದರೆ ಹರಿಯುವಂಥವು. ಕ್ರೋಶಾದ್ದಾದರೆ ಮಡಚಬಹುದು, ಹಿಂಡಬಹುದು, ಚೀಲಕ್ಕೆ ತುರುಕಬಹುದು.

ಮಾಡುವ ರೀತಿ ಬಲು ಸುಲಭ. ಇಷ್ಟು ಕುಣಿಕೆಗೆ ಒಂದು ಅಂತ ಹೆಚ್ಚುವರಿ ಕುಣಿಕೆ ಹಾಕುತ್ತಾ ಹೋಗಬೇಕು. ಐದಕ್ಕೆ ಒಂದು ಅಂದರೆ ಐದಕ್ಕೆ ಒಂದು. ಅಂಚು ನಡುವಿಗಿಂತ ಬೇಗ ಬೇಗ ಬೆಳೆಯುತ್ತದೆ, ಚಪ್ಪಟೆಯಾಗಿ ಮಲಗಲು ಜಾಗ ಸಾಲದೆ ಫ್ರಿಲ್ಲಿನ ಹಾಗೆ ಮೇಲೆ ಕೆಳಗೆ ಸುತ್ತಿಕೊಳ್ಳುತ್ತದೆ. ಹವಳದಲ್ಲಿ ಕಾಣುವುದೂ ಇದೇ ಅಲೆ. ನಾನು ಮಾಡಿ ನೋಡಿದ್ದೇನೆ. ಆರನೇ ಸುತ್ತಿನವರೆಗೂ ಒಂದು ಪೆದ್ದು ತಟ್ಟೆಯ ಹಾಗೆ ಇತ್ತು, ಆಮೇಲೆ ಒಂದು ಕಡೆ ಅಂಚು ತಾನಾಗಿ ಎದ್ದು ನಿಂತಿತು. ಎದೆ ಧಸಕ್ಕೆಂದಿತು, ನಿಜ ಹೇಳುತ್ತೇನೆ.

ಮುಖ್ಯ ವಿಷಯ ಏನು ಅಂದರೆ, ಆ ಸೋದರಿಯರು ಕಿಟ್ ಹಂಚಲಿಲ್ಲ. ಒಂದು ಸೂತ್ರ ಕೊಟ್ಟರು, ಅದನ್ನು ಕೆಡಿಸುವ ಸ್ವಾತಂತ್ರ್ಯವನ್ನೂ ಕೊಟ್ಟರು. ಐದಕ್ಕೆ ಒಂದು ಹಾಕುವ ಬದಲು ಒಮ್ಮೆ ಎರಡಕ್ಕೆ, ಒಮ್ಮೆ ಏಳಕ್ಕೆ ಹಾಕಿದರೆ ಬೇರೆಯದೇ ಜೀವ ಹುಟ್ಟುತ್ತದೆ. ಉಲ್ಲನ್ ಬಿಟ್ಟು ಪ್ಲಾಸ್ಟಿಕ್ ಚೀಲ ಸೀಳಿ ಹೆಣೆದರೂ ಸರಿ. ಹೀಗೆ ಊರೂರುಗಳಲ್ಲಿ ಜನ ಸೇರಿ ತಮ್ಮದೇ ದಿಬ್ಬ ಕಟ್ಟಿದರು. 2019ರಲ್ಲಿ ಇಟಲಿಯ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿನಾಲೆಗೆ ಈ ಕೆಲಸ ಹೋಯಿತು. 2022ರಲ್ಲಿ ಜರ್ಮನಿಯ ಬಾಡನ್-ಬಾಡನ್‌ನ ಫ್ರೀಡರ್ ಬುರ್ಡಾ ಮ್ಯೂಸಿಯಂನಲ್ಲಿ ಕಟ್ಟಿದ ದಿಬ್ಬಕ್ಕೆ ಸುಮಾರು 4 ಸಾವಿರ ಜನ ಸೇರಿ 40 ಸಾವಿರದಷ್ಟು ಹವಳ ಹೆಣೆದು ಕೊಟ್ಟರು. ಮ್ಯೂಸಿಯಂನವರು ಮಾಡಿದ್ದು ಏನು? ಬಂದದ್ದನ್ನು ಜೋಡಿಸಿದರು. ಜೋಡಿಸುವುದೂ ದೊಡ್ಡ ವಿದ್ಯೆ, ಇಲ್ಲ ಅನ್ನುತ್ತಿಲ್ಲ. ಆದರೆ ಅದನ್ನು ಕೊನೆಗೆ ಮಾಡಿದರು, ಮೊದಲೇ ಮಾಡಲಿಲ್ಲ.

'ಆದರೆ ನನಗೆ ಕೈ ಬರಲ್ಲ' ಅನ್ನುವವರಿಗೂ ಒಂದು ಮಾತು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಜೊತೆಗಾರರ ಒಂದು ಅಧ್ಯಯನ ಪ್ರಕಟವಾಯಿತು. 39 ಜನರಿಗೆ ಜೇಡಿಮಣ್ಣು, ಮಾರ್ಕರ್, ಕೊಲಾಜ್ ಸಾಮಾನು ಕೊಟ್ಟು 45 ನಿಮಿಷ ಬೇಕಾದ್ದು ಮಾಡಿಕೊಳ್ಳಿ ಅಂದರು. ಮೊದಲೂ ಆಮೇಲೂ ಜೊಲ್ಲು ಪರೀಕ್ಷೆ ಮಾಡಿದರೆ, ಶೇಕಡಾ 75ರಷ್ಟು ಜನರಲ್ಲಿ ಒತ್ತಡಕ್ಕೆ ಸಂಬಂಧಪಟ್ಟ ಕಾರ್ಟಿಸಾಲ್ ಹಾರ್ಮೋನು ಇಳಿದಿತ್ತು. ಮೊದಲಿಂದ ಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಇದನ್ನೇ ಹಿಡಿದು ಕ್ರೋಶಾ ಹಾಕಿದರೆ ಬಿಪಿ ಮಾತ್ರೆ ಬಿಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಗ್ಯಾಲರಿಯವರು ನೋಡಬೇಕಾದ ಸಂಗತಿ ಒಂದಿದೆ, ಅಲ್ಲಿ ಎಲ್ಲರಿಗೂ ಒಂದೇ ಹೂವನ್ನು ಮಾಡಿ ಅಂತ ಹೇಳಿರಲಿಲ್ಲ.

ಈಗ ಮೇಜಿನ ವಿಷಯ. ನಮ್ಮ ಕೂಟಕ್ಕೆ ಕೊಡುವುದು ಯಾವಾಗಲೂ ಹಿಂದಿನ ಕೋಣೆ. ಆಫೀಸು ದಾಟಿ, ಶೌಚಾಲಯ ದಾಟಿ, ಮುರಿದ ಸ್ಟ್ಯಾಂಡುಗಳನ್ನು ಪೇರಿಸಿಟ್ಟ ಕಡೆ. ಇದು ಅವಮಾನ ಅಂತ ಬಹಳ ದಿನ ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ, ಚಿತ್ರಗಳ ನಡುವೆ ಯಾಕೆ ಕೂರಿಸಬಾರದು ಅಂತ. ಅಲ್ಲಿ ಕಲಾಕೃತಿಗಳ ಸಂರಕ್ಷಣೆ ನೋಡಿಕೊಳ್ಳುವ ಹುಡುಗಿ ಕೊಟ್ಟ ಉತ್ತರ ಕೇಳಿ ನನ್ನ ಬಾಯಿ ಮುಚ್ಚಿತು. ಹಳೆ ಬಟ್ಟೆ, ಕಾಗದದ ಮೇಲಿನ ಚಿತ್ರ ಇಟ್ಟ ಕೋಣೆಯಲ್ಲಿ ಬೆಳಕು ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಮೀರಬಾರದು, ಮೀರಿದರೆ ಬಣ್ಣ ಮಾಸುತ್ತದೆ. ಸೂಜಿಗೆ ದಾರ ಪೋಣಿಸಲು ಅದರ ಹತ್ತರಷ್ಟು ಬೆಳಕಾದರೂ ಬೇಕು. ಎರಡನೆಯದು ನುಸಿ. ನಾವು ಮನೆಯ ಅಟ್ಟದಿಂದ ತಂದ ಹಳೆ ಉಲ್ಲನ್ ಉಂಡೆಯೊಳಗೆ ನುಸಿಯ ಮೊಟ್ಟೆ ಇದ್ದರೆ ಅದು ಗೋಡೆಯ ಮೇಲಿನ ನೂರು ವರ್ಷದ ನೇಯ್ಗೆಗೆ ದಾಟುತ್ತದೆ. ಹೊಸದಾಗಿ ಬಂದ ಬಟ್ಟೆಯನ್ನು ಮ್ಯೂಸಿಯಂಗಳು ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಫ್ರೀಜ್ ಮಾಡಿ ಒಳಗೆ ಬಿಡುವುದು ಇದಕ್ಕೇ. ನಮ್ಮ ಚೀಲಗಳನ್ನು ಯಾರು ಫ್ರೀಜ್ ಮಾಡುತ್ತಾರೆ?

ಒಪ್ಪಿದೆ. ಆದರೆ ಮೊಗಸಾಲೆ ಇದೆಯಲ್ಲ! ಅಲ್ಲಿ ಕಿಟಕಿ ಬೆಳಕು ಇದೆ, ನುಸಿಗೆ ಸಿಗುವ ನೇಯ್ಗೆ ಇಲ್ಲ. ಕಬ್ಬಿಣದ ಒಂದು ಶಿಲ್ಪ ಇದೆ, ಅದನ್ನು ಯಾವ ಹುಳ ತಿಂದೀತು? ಮೇಜನ್ನು ಅಲ್ಲಿ ಹಾಕಿ. ಚಿತ್ರ ನೋಡಲು ಬಂದವರು ನಿಂತು ನೋಡುತ್ತಾರೆ. ನೋಡಿದವರಲ್ಲಿ ಒಬ್ಬರು ಕೂರುತ್ತಾರೆ. ಹಿಂದಿನ ಕೋಣೆಗೆ ದಾರಿ ತಪ್ಪಿ ಯಾರೂ ಬರುವುದಿಲ್ಲ.

ಸಮಯದ ಬಗ್ಗೆಯೂ ಒಂದು ಮಾತು. ಕೆಲಸದ ದಿನ ಮಧ್ಯಾಹ್ನ ಎರಡು ಗಂಟೆಗೆ ಕೂಟ ಇಟ್ಟು 'ಯುವಕರು ಬರುತ್ತಿಲ್ಲ' ಅಂತ ಕೊರಗಿದರೆ ಏನು ಹೇಳುವುದು? 1881ರಲ್ಲಿ ಲಂಡನ್ನಿನ ಬಡವರ ಬಡಾವಣೆ ವೈಟ್‌ಚಾಪೆಲ್‌ನಲ್ಲಿ ಸ್ಯಾಮ್ಯುಯೆಲ್ ಮತ್ತು ಹೆನ್ರಿಯೆಟಾ ಬಾರ್ನೆಟ್ ದಂಪತಿ ಒಂದು ಶಾಲೆಯ ಕೋಣೆಗಳಲ್ಲಿ ಚಿತ್ರಪ್ರದರ್ಶನ ಶುರು ಮಾಡಿದರು. ಅವರು ಭಾನುವಾರ ಬಾಗಿಲು ತೆರೆದಿಟ್ಟರು, ದುಡಿಯುವ ಜನಕ್ಕೆ ಬಿಡುವು ಸಿಗುವುದು ಅವತ್ತೇ ಅಂತ. ಬಾರ್ನೆಟ್ ಸ್ವತಃ ಪಾದ್ರಿ, ಭಾನುವಾರ ಇದೆಲ್ಲ ಮಾಡಬಾರದು ಅಂತ ಧರ್ಮನಿಷ್ಠರು ಗದ್ದಲ ಎಬ್ಬಿಸಿದರೂ ಕೇಳಲಿಲ್ಲ. ಆ ಪ್ರದರ್ಶನಗಳೇ ಬೆಳೆದು 1901ರಲ್ಲಿ ವೈಟ್‌ಚಾಪೆಲ್ ಗ್ಯಾಲರಿ ಆಯಿತು.

ಕೊನೆಗೆ ಗ್ಯಾಲರಿಯವರು ತುಂಬಬೇಕಾದ ಫಾರಂ. ಗ್ಯಾಲರಿಯವರನ್ನು ಪೂರ್ತಿ ಬೈಯಲು ನನಗೆ ಮನಸ್ಸು ಬರದಿರುವುದು ಇದರಿಂದ. ದುಡ್ಡು ಕೊಡುವವರಿಗೆ ವರದಿ ಕೊಡಬೇಕು. ಎಷ್ಟು ಜನ ಬಂದರು, ಏನು ಕಲಿತರು, ಏನು ತಯಾರಾಯಿತು. ಸಾಲಾಗಿ ಜೋಡಿಸಿದ ಹೂವುಗಳ ಫೋಟೋ ಆ ಫಾರಂನ ಹೊಟ್ಟೆಗೆ ಹೋಗುವ ತುತ್ತು. ನನ್ನ ತ್ರಿಕೋನವನ್ನು ಯಾವ ಕಾಲಂಗೆ ಹಾಕುತ್ತಾರೆ ಪಾಪ.

ನಮ್ಮ ಮೇಜಿಗೆ ಹಿರಿಯ ಹೆಂಗಸೊಬ್ಬರು ಬರುತ್ತಾರೆ. ಅವರು ಹೆಣೆಯುವುದಿಲ್ಲ, ಹೊಲಿಯುವುದಿಲ್ಲ. ಬರುತ್ತಲೇ 'ಯಾರದಾದರೂ ಸಿಕ್ಕಾಗಿದೆಯಾ?' ಅಂತ ಕೇಳುತ್ತಾರೆ. ಆಗಿಯೇ ಇರುತ್ತದೆ. ಚೀಲದ ತಳದಲ್ಲಿ ಹಕ್ಕಿಗೂಡಿನ ಹಾಗೆ ಮುದ್ದೆಯಾದ ದಾರವನ್ನು ಅವರ ಮುಂದೆ ಇಡುತ್ತೇವೆ. ಅವರು ಎಳೆಯುವುದಿಲ್ಲ. ಮೊದಲು ಮುದ್ದೆಯನ್ನು ಸಡಿಲ ಮಾಡುತ್ತಾರೆ, ಬೆರಳಿನಿಂದ ಅಗಲಿಸಿ ಗಾಳಿ ಆಡಿಸಿದ ಹಾಗೆ. ಆಮೇಲೆ ಒಂದು ತುದಿ ಹುಡುಕಿ, ಬಂದ ದಾರಿಯಲ್ಲೇ ಹಿಂದಕ್ಕೆ ತೂರಿಸುತ್ತಾ ಹೋಗುತ್ತಾರೆ. ಒಮ್ಮೊಮ್ಮೆ ಒಂದೇ ಗಂಟಿಗೆ ಅರ್ಧ ಗಂಟೆ. ಕತ್ತರಿ ಕೊಡಲು ಹೋದರೆ ಕೈ ತಳ್ಳುತ್ತಾರೆ.

ಹೋದ ತಿಂಗಳು ಗ್ಯಾಲರಿಯ ಹುಡುಗ ಫಾರಂ ಹಿಡಿದು ಮೇಜಿನ ಸುತ್ತ ಬಂದ. 'ಅಮ್ಮ, ಇವತ್ತು ನೀವು ಏನು ಮಾಡಿದಿರಿ?' ಅಂತ ಕೇಳಿದ. ಅವರು ನನ್ನ ನೀಲಿ ದಾರದ ಉಂಡೆಯನ್ನು ಎತ್ತಿ ತೋರಿಸಿದರು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿದ. ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಕುರ್ಚಿ ಎಳೆದು, ಅವರ ಪಕ್ಕದಲ್ಲಿ ಕೂತ.