ಸ್ಲ್ಯಾಬ್ ಹಾಕಿದ ದಿನದ ಮಧ್ಯಾಹ್ನ

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿಯುವ ಮೊದಲು ಸ್ಲ್ಯಾಬ್ ಮುಗಿಸಿಬಿಡಬೇಕು ಅಂತ ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಅವಸರ. ಸುರತ್ಕಲ್ಲಿನಿಂದ ಕುಂದಾಪುರದ ತನಕ ಎಲ್ಲಿ ಹೋದರೂ ಮಿಕ್ಸರ್ ತಿರುಗುವ ಸದ್ದು. ಜೂನಿನಲ್ಲಿ ಮಳೆ ಹೊಯ್ದಾಗ ಕೆಲವರ ಮನೆಯ ಸೀಲಿಂಗಿನಲ್ಲಿ ಒದ್ದೆ ಗೆರೆ ಕಾಣಿಸುತ್ತದೆ. "ಯಾವ ಸಿಮೆಂಟ್ ಹಾಕಿದ್ರಿ?" ಅಂತ ನೆಂಟರೆಲ್ಲ ಕೇಳುತ್ತಾರೆ. ಪಾಪ, ಸಿಮೆಂಟಿನ ತಪ್ಪು ಕಡಿಮೆ. ಇಂಥ ಬಿರುಕುಗಳಲ್ಲಿ ಬಹಳಷ್ಟು ಸ್ಲ್ಯಾಬ್ ಹಾಕಿದ ದಿನ, ಊಟದ ಹೊತ್ತಿನಿಂದ ಕತ್ತಲಾಗುವುದರೊಳಗೆ ಹುಟ್ಟಿಬಿಟ್ಟಿರುತ್ತವೆ.

ಮಿಕ್ಸರ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಜಲ್ಲಿ, ಹೊಯಿಗೆ, ಸಿಮೆಂಟು ಲೆಕ್ಕದಲ್ಲಿ ಬೀಳುತ್ತವೆ. ನೀರಿಗೆ ಮಾತ್ರ ಲೆಕ್ಕ ಇಲ್ಲ. ಮೇಲಿನಿಂದ ಕೂಗು ಬರುತ್ತದೆ: "ಗಟ್ಟಿ ಆಯ್ತು ಮಾರಾಯ, ಸ್ವಲ್ಪ ನೀರು ಬಿಡು!" ಕೆಳಗಿನವನು ಇನ್ನರ್ಧ ಬಕೆಟ್ ಹೊಯ್ಯುತ್ತಾನೆ. ಸುಡುಬಿಸಿಲಲ್ಲಿ ಕಾಂಕ್ರೀಟ್ ಎಳೆಯುವವರನ್ನು ನಾನು ದೂರುವುದಿಲ್ಲ. ಆದರೆ ಸಿಮೆಂಟ್ ಗಟ್ಟಿಯಾಗಲು ನಿಜವಾಗಿ ಹಿಡಿದುಕೊಳ್ಳುವ ನೀರು ಅದರ ತೂಕದ ಕಾಲು ಭಾಗದ ಆಸುಪಾಸು. ಉಳಿದದ್ದರಲ್ಲಿ ಹೆಚ್ಚಿನದು ಕೆಲಸ ಸಲೀಸಾಗಲಿ ಅಂತ ಹಾಕುವುದು. ಅದು ನಿಧಾನಕ್ಕೆ ಆರಿಹೋದಾಗ ಕಾಂಕ್ರೀಟ್ ಕುಗ್ಗುತ್ತದೆ. ಬೀಮು, ಗೋಡೆ, ಒಳಗಿನ ಕಬ್ಬಿಣ ಕುಗ್ಗಲು ಬಿಡುವುದಿಲ್ಲ. ಎಳೆದಾಟದಲ್ಲಿ ಬಿರಿಯುತ್ತದೆ.

ಐಎಸ್ 456 ಎಂಬ ನಮ್ಮ ದೇಶದ ನಿಯಮದ ಪ್ರಕಾರ ಮನೆಗಳಿಗೆ ಸಾಮಾನ್ಯವಾಗಿ ಬಳಸುವ ಎಂ20 ದರ್ಜೆಯ ಮಿಶ್ರಣಕ್ಕೆ 50 ಕಿಲೋದ ಒಂದು ಮೂಟೆಗೆ ನೀರು 30 ಲೀಟರ್ ದಾಟಬಾರದು. ಕಡಲ ಹತ್ತಿರದ ಮನೆಗೆ 25 ಲೀಟರ್ ದಾಟದಿರಲಿ ಅನ್ನುತ್ತೇನೆ. ಅಂದರೆ ಬಣ್ಣದ 20 ಲೀಟರ್ ಡಬ್ಬದಲ್ಲಿ ಹೆಚ್ಚೆಂದರೆ ಒಂದೂಕಾಲು ಡಬ್ಬ. ಹೊಯಿಗೆ ಒದ್ದೆ ಇದ್ದರೆ ಅದಕ್ಕೂ ಕಡಿಮೆ. ಎಳೆಯಲು ಕಷ್ಟವಾದರೆ ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಲೀಸು ಮಾಡುವ ಪ್ಲಾಸ್ಟಿಸೈಸರ್ ಹಾಕಿಸಿ, ಡಬ್ಬದ ಮೇಲೆ ಬರೆದಷ್ಟೇ. ಮೊದಲೇ ಕಲಸಿ ತರುವ ರೆಡಿಮಿಕ್ಸ್ ಲಾರಿ ಬಂದರೂ ಅಷ್ಟೇ, ಡ್ರಮ್ಮಿಗೆ ಪೈಪ್ ಬಿಡಲು ಒಪ್ಪಬೇಡಿ.

ಇನ್ನು ಗಾಳಿ. ನಮ್ಮಲ್ಲಿ ಬೆವರೇ ಆರುವುದಿಲ್ಲ, ಕಾಂಕ್ರೀಟ್ ಎಲ್ಲಿ ಒಣಗುತ್ತದೆ ಅನ್ನುವವರಿದ್ದಾರೆ. ಅಂಗಳದಲ್ಲಿ ನಿಂತು ಹಾಗೆನ್ನಬಹುದು. ಎರಡನೇ ಮಹಡಿಗೆ ಹತ್ತಿ, ಮಧ್ಯಾಹ್ನದ ಕಡಲಗಾಳಿಗೆ ಎದುರಾಗಿ ನಿಲ್ಲಿ, ಗೊತ್ತಾಗುತ್ತದೆ. ಹಸಿ ಕಾಂಕ್ರೀಟಿನ ಮೇಲೆ ಮೊದಲು ನೀರು ಎದ್ದು ಹೊಳೆಯುತ್ತದೆ. ಬಿಸಿಲು, ಗಾಳಿ ಎರಡೂ ಸೇರಿದರೆ ಕೆಳಗಿನಿಂದ ನೀರು ಏರುವ ಮೊದಲೇ ಮೇಲಿನದು ಆರಿಹೋಗುತ್ತದೆ. ಹೊಳಪು ಮಾಯ. ಸ್ವಲ್ಪ ಹೊತ್ತಿಗೆ ಓರೆಯಾಗಿ, ಸಾಲಾಗಿ ಗೆರೆಗಳು ಬೀಳುತ್ತವೆ. ಕೆಲವು ಪೂರ್ತಿ ಕೆಳಗಿನವರೆಗೂ ಇಳಿಯುತ್ತವೆ.

ಹಾಗಾಗಿ ಸಣ್ಣ ಸ್ಲ್ಯಾಬ್ ಆದರೆ ಮಧ್ಯಾಹ್ನ ಮೂರರ ಮೇಲೆ ಶುರು ಮಾಡಿ, ಲೈಟ್ ಕಟ್ಟಿಸಿ. ದೊಡ್ಡದಾದರೆ ಬೆಳಕು ಹರಿಯುವಾಗಲೇ ಶುರುವಾಗಲಿ. ಮಟ್ಟ ಮಾಡಿದಷ್ಟು ಜಾಗಕ್ಕೆ ಕೂಡಲೇ ಪ್ಲಾಸ್ಟಿಕ್ ಹೊದಿಸುತ್ತಾ ಹೋಗಿ. ಗಾಳಿಗೆ ಹಾರದ ಹಾಗೆ ಅಂಚಿಗೆ ಹಲಗೆ ಇಡಿ. ಅಷ್ಟಾಗಿಯೂ ಎಳೆಗೆರೆ ಕಂಡರೆ, ಇನ್ನೂ ಮೆತ್ತಗಿರುವಾಗಲೇ ಮರದ ಹಲಗೆಯಿಂದ ತಟ್ಟಿ ಉಜ್ಜಿಸಿ, ಮುಚ್ಚಿಕೊಳ್ಳುತ್ತದೆ. ನುಣುಪಾಗಲಿ ಅಂತ ಒಣ ಸಿಮೆಂಟ್ ಉದುರಿಸುವ ಅಭ್ಯಾಸ ಇದೆಯಲ್ಲ, ಅದನ್ನು ಮಾತ್ರ ಬಿಡಿಸಿ. ಮೇಲೆಲ್ಲ ಜೇಡರಬಲೆಯ ಹಾಗೆ ಸೀಳು ಬರುತ್ತದೆ.

ಊಟಕ್ಕೆ ಎಲ್ಲರೂ ಒಟ್ಟಿಗೆ ಹೋಗುವುದೂ ಬೇಡ. ಅರ್ಧಕ್ಕೆ ನಿಂತ ಅಂಚು ಬಿಗಿದರೆ, ಆಮೇಲೆ ಹಾಕಿದ ಕಾಂಕ್ರೀಟ್ ಅದಕ್ಕೆ ಸರಿಯಾಗಿ ಹಿಡಿಯದು. ಮಳೆಗಾಲದಲ್ಲಿ ಸೋರುವುದು ಅದೇ ಗೆರೆಯಲ್ಲಿ. ಸರದಿಯಲ್ಲಿ ಊಟ ಮಾಡಲಿ. ಚಾ ಅಲ್ಲಿಗೇ ಕಳಿಸಿ.

ಕಬ್ಬಿಣದ ಬಗ್ಗೆ ಒಂದೇ ಮಾತು. ಬೀಮಿನ ಮೇಲೆ, ಬಾಲ್ಕನಿಯ ಬುಡದಲ್ಲಿ ಇರುವ ಮೇಲಿನ ರಾಡುಗಳನ್ನು ತುಳಿದು ಕೆಳಗಿಳಿಸಿದರೆ ಅವು ಇದ್ದೂ ಇಲ್ಲದಂತೆ. ನಡೆಯಲು ಹಲಗೆ ಹಾಸಿ.

ಮರುದಿನ ಬೆಳಗ್ಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟಿಗೆ 10 ದಿನ ಬೇಕೇ ಬೇಕು, 14 ಆದರೆ ಒಳ್ಳೆಯದು. ಉಳ್ಳಾಲ, ಮಲ್ಪೆ ಕಡೆಯವರು ಬಾವಿನೀರನ್ನು ಪರೀಕ್ಷೆ ಮಾಡಿಸಿಯೇ ಬಳಸಿ. ಬೇಸಿಗೆಯಲ್ಲಿ ಹಲವು ಬಾವಿಗಳಿಗೆ ಉಪ್ಪು ಏರುತ್ತದೆ. ಕಾಂಕ್ರೀಟ್ ಕಲಸುವ ನೀರಿನಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ದಾಟಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕೆಲವು ವರ್ಷದಲ್ಲಿ ಕಾಂಕ್ರೀಟನ್ನೇ ಒಡೆದು ಬೀಳಿಸುತ್ತದೆ.

ಸೆಂಟ್ರಿಂಗ್‌ನವರು ಬೇರೆ ಕಡೆ ಕೆಲಸ ಇದೆ ಅಂತ, ಸ್ಲ್ಯಾಬಿನ ಕೆಳಗೆ ಕೊಟ್ಟ ಹಲಗೆ, ಕಂಬ ಬಿಚ್ಚಲು ಅವಸರ ಮಾಡುತ್ತಾರೆ. ಕೋಣೆ ನಾಲ್ಕೂವರೆ ಮೀಟರಿಗಿಂತ ಅಗಲ ಇದ್ದರೆ 14 ದಿನದ ಮೊದಲು ಕಂಬ ತೆಗೆಯಬಾರದು. ಪಿಪಿಸಿ ಆದರೆ ಇನ್ನೂ ಕೆಲವು ದಿನ ಇರಲಿ. ಎಷ್ಟು ದಿನ ಅಂತ ನಿಮ್ಮ ಇಂಜಿನಿಯರ್ ಹತ್ತಿರ ಮೊದಲೇ ಬರೆಸಿಕೊಳ್ಳಿ, ಬಾಡಿಗೆ ಮಾತಾಡುವಾಗ ಅದನ್ನೇ ತೋರಿಸಿ.

ನಮಸ್ಕಾರ.