ಸಗಣಿಯಲ್ಲಿ ಇಡೀ ಜೋಳದ ಕಾಳು: ತಪ್ಪು ಹಸುವಿನದೋ, ಯಂತ್ರದ್ದೋ?

"ರಸಮೇವು ಹಾಕುತ್ತಿದ್ದೇವೆ, ಸಗಣಿಯಲ್ಲಿ ಕಾಳು ಇದ್ದ ಹಾಗೆಯೇ ಬರುತ್ತಿದೆ. ಹಸುವಿಗೆ ಅಜೀರ್ಣವೇ?" ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ. ಹಸುವನ್ನು ದೂರುವ ಮೊದಲು ಕಟಾವಿನ ಯಂತ್ರವನ್ನು ವಿಚಾರಿಸೋಣ.

ರಸಮೇವು ಎಂದರೇನೆಂದು ನಿಮಗೆ ಗೊತ್ತು: ಮೆಕ್ಕೆಜೋಳವನ್ನು ದಂಟು, ಎಲೆ, ತೆನೆ ಸಮೇತ ಕತ್ತರಿಸಿ, ಗಾಳಿಯಾಡದಂತೆ ಒತ್ತಿ, ಹುಳಿ ಬರಿಸಿದ ಮೇವು. ಅದರ ಶಕ್ತಿಯ ದೊಡ್ಡ ಪಾಲು ಕಾಳಿನ ಪಿಷ್ಟದಲ್ಲಿದೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಪಿಷ್ಟವನ್ನು ಪ್ರೊಪಿಯಾನಿಕ್ ಆಮ್ಲ ಮಾಡುತ್ತವೆ, ಯಕೃತ್ತು ಅದನ್ನು ಗ್ಲೂಕೋಸ್ ಮಾಡುತ್ತದೆ, ಕೆಚ್ಚಲು ಅದರಿಂದ ಲ್ಯಾಕ್ಟೋಸ್ ತಯಾರಿಸುತ್ತದೆ. ಲ್ಯಾಕ್ಟೋಸ್ ನೀರನ್ನು ಎಳೆದುಕೊಳ್ಳುತ್ತದೆ. ಹಾಲು ಎಷ್ಟು ಲೀಟರ್ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ.

ತೊಡಕಿರುವುದು ಕಾಳಿನ ಸಿಪ್ಪೆಯಲ್ಲಿ. ಅದು ಒಡೆಯದಿದ್ದರೆ ಸೂಕ್ಷ್ಮಜೀವಿಗಳಿಗೆ ಒಳಗೆ ಪ್ರವೇಶವಿಲ್ಲ. ಮೆಲುಕಿಗೂ ಸಿಗದೆ ಜಾರಿದ ಕಾಳು ನೇರ ತಿಪ್ಪೆಗೆ. ಕೋಳಿಗಳು ಸಗಣಿ ಕೆದಕಿ ಹಬ್ಬ ಮಾಡುತ್ತಿದ್ದರೆ ಯಂತ್ರದ ತಪಾಸಣಾ ವರದಿ ನಿಮ್ಮ ಕೈ ಸೇರಿದಂತೆಯೇ!

ಅದಕ್ಕಾಗಿಯೇ ಒಳ್ಳೆಯ ಕಟಾವು ಯಂತ್ರಗಳಲ್ಲಿ ಕಾಳು ಒಡೆಯುವ ಜೋಡಿ ರೋಲರ್‌ಗಳಿರುತ್ತವೆ. ಹಲ್ಲುಗಳುಳ್ಳ ಇವು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ನಡುವಿನ ಸಂದು ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್. ಹಲ್ಲು ಸವೆದರೆ, ಅಥವಾ ಬೇಗ ಮುಗಿಸುವ ಆತುರದಲ್ಲಿ ಸಂದು ಅಗಲಿಸಿದರೆ, ಕೆಲಸ ಸರಾಗ, ಪಿಷ್ಟ ನಷ್ಟ. ಪ್ರಯೋಗಾಲಯದ ಅಳತೆಗೋಲು ಹೀಗಿದೆ: ಒಣಗಿಸಿದ ಮೇವನ್ನು ಜರಡಿ ಹಿಡಿದಾಗ 70 ಶೇಕಡಾಕ್ಕಿಂತ ಹೆಚ್ಚು ಪಿಷ್ಟ 4.75 ಮಿಲಿಮೀಟರ್ ರಂಧ್ರದ ಜರಡಿಯಿಂದ ಇಳಿದರೆ ಉತ್ತಮ, 50ಕ್ಕಿಂತ ಕಡಿಮೆಯಾದರೆ ಕಳಪೆ.

ನನಗೆ ಅಚ್ಚುಮೆಚ್ಚಿನದು ಬಕೆಟ್ ಪರೀಕ್ಷೆ. ಕಟಾವು ನಡೆಯುವಾಗಲೇ ಒಂದು ಲೀಟರ್‌ನಷ್ಟು ಮೇವನ್ನು ನೀರಿಗೆ ಹಾಕಿ, ಮೆಲ್ಲಗೆ ಕದಡಿ. ನಾರು ತೇಲುತ್ತದೆ, ಕಾಳು ತಳ ಸೇರುತ್ತದೆ. ನಾರನ್ನೂ ನೀರನ್ನೂ ತೆಗೆದು ಎಣಿಸಿ. ಇಡೀ ಕಾಳು, ಅರ್ಧ ಕಾಳು ಸೇರಿ ಎರಡು-ಮೂರಕ್ಕಿಂತ ಹೆಚ್ಚಿದ್ದರೆ ಯಂತ್ರ ನಿಲ್ಲಿಸಿ, ಸಂದು ಬಿಗಿಮಾಡಿಸಿ. ಚಾಲಕ ಗೊಣಗಲಿ ಬಿಡಿ! ಮೇವು ತುಂಬಿದ ಗುಂಡಿ ಮುಚ್ಚಿದ ಮೇಲೆ ಗೊತ್ತಾದರೆ ಅದೇ ಮೇವು ತಿಂಗಳುಗಟ್ಟಲೆ ಉಣಿಸಬೇಕಾಗುತ್ತದೆ. ಹುಳಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಪಿಷ್ಟದ ಸುತ್ತಲಿನ ಪ್ರೋಟೀನ್ ಸಡಿಲವಾಗುವುದು ನಿಜ, ಆದರೆ ಒಡೆಯದ ಸಿಪ್ಪೆಯನ್ನು ಅದು ಒಡೆಯುವುದಿಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ತುಂಡು ತೀರಾ ಸಣ್ಣದಾದರೆ ಮೆಲುಕು ಕುಗ್ಗಿ, ಜೊಲ್ಲು ಕಡಿಮೆಯಾಗಿ, ಹೊಟ್ಟೆಯಲ್ಲಿ ಆಮ್ಲ ಏರಿ ಹಾಲಿನ ಕೊಬ್ಬು ಇಳಿಯಬಹುದು. ಕಾಳು ಒಡೆಯುವ ರೋಲರ್‌ಗಳಿದ್ದರೆ 19 ಮಿಲಿಮೀಟರ್ ಉದ್ದದ ತುಂಡು ಹೊಂದುತ್ತದೆ. ಕೊಯ್ಲಿನ ವೇಳೆ ಗಿಡದ ಒಣ ಅಂಶ 32ರಿಂದ 38 ಶೇಕಡಾ ಇರಲಿ: ಹಸಿಯಾದರೆ ರಸ ಸೋರಿ ಪೋಷಕಾಂಶ ಹೋಗುತ್ತದೆ, ಒಣಗಿದರೆ ಒತ್ತಲಾಗದೆ ಗಾಳಿ ಉಳಿದು ಬೂಷ್ಟು ಬರುತ್ತದೆ. ದಂಟನ್ನು ಎತ್ತರಕ್ಕೆ ಕೊಯ್ದರೆ ಜೀರ್ಣವಾಗದ ಬುಡ ಹೊಲದಲ್ಲೇ ಉಳಿದು ಪಿಷ್ಟದ ಪಾಲು ಏರುತ್ತದೆ, ಆದರೆ ಒಟ್ಟು ಮೇವು ಕಡಿಮೆ. ಮೇವಿನ ಕೊರತೆ ಇರುವವರು ಈ ಶೋಕಿಗೆ ಹೋಗದಿರುವುದು ಲೇಸು.

ಪ್ರಶ್ನೆ ಕೇಳಿದವರ ಗುಂಡಿ ಈಗಾಗಲೇ ತುಂಬಿದೆ. ಅವರು ಸಗಣಿ ತೊಳೆದು ಕಾಳಿನ ಪ್ರಮಾಣ ನೋಡಿ, ಪುಡಿ ಮಾಡಿದ ಜೋಳವನ್ನು ಆಹಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಒಮ್ಮೆಲೇ ಸುರಿದರೆ ಆಮ್ಲೀಯತೆ ತಪ್ಪಿದ್ದಲ್ಲ.