ನಮ್ಮಪ್ಪ ಪೇಟಿ ಮಾಸ್ತರ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಹೇಳುವುದು. ಅದನ್ನು ನುಡಿಸುತ್ತ, ಊರೂರಿಗೆ ನಾಟಕ ಕಲಿಸುತ್ತ ಬದುಕಿದವರು ಪೇಟಿ ಮಾಸ್ತರರು. ನಮ್ಮಪ್ಪ ಅಂಥವನೊಬ್ಬ. ಹೆಸರು ಹಿಡಿದು ಕೇಳಿದರೆ ನಮ್ಮೂರಲ್ಲೇ ಅರ್ಧ ಜನಕ್ಕೆ ಗೊತ್ತಾಗುತ್ತಿರಲಿಲ್ಲ. ಪೇಟಿ ಮಾಸ್ತರ ಮನೆ ಎಲ್ಲಿ ಅಂದರೆ ಸಾಕು, ಬೀದಿಯಲ್ಲಿ ಗೋಲಿ ಆಡುವ ಹುಡುಗರೂ ಆಟ ಬಿಟ್ಟು ಬಾಗಿಲ ತನಕ ಕರೆತರುತ್ತಿದ್ದರು. ಅಪ್ಪ ತೀರಿಕೊಂಡು ಹೋದ ಶ್ರಾವಣಕ್ಕೆ ಒಂದು ವರ್ಷವಾಯಿತು. ಅವನ ಬಗ್ಗೆ ನಾಲ್ಕು ಮಾತು ಹೇಳಲು ಬಂದಿದ್ದೇನೆ.

ಅಪ್ಪ ಹುಡುಗನಾಗಿದ್ದಾಗ ಪೇಟಿ ಕಲಿತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆಶ್ರಮ ಅದು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು ಮುನ್ನಡೆಸಿದರು. ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಅಲ್ಲಿ ಅನ್ನವೂ ಇತ್ತು, ಸ್ವರವೂ ಇತ್ತು. ಅಪ್ಪ ಇದ್ದದ್ದು ಎರಡೇ ವರ್ಷ. ಮನೆಯಲ್ಲಿ ತಾತ ಹಾಸಿಗೆ ಹಿಡಿದ, ಹೊಲ ನೋಡುವವರಿಲ್ಲ, ವಾಪಸ್ ಬರಬೇಕಾಯಿತು. ಆದರೆ ಕೊನೇತನಕ ಪೇಟಿ ಮುಟ್ಟುವ ಮೊದಲು ಗದಗಿನ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಿದ್ದ. ನಮ್ಮ ಪಡಸಾಲೆಯಲ್ಲಿ ಆ ದಿಕ್ಕಿಗೆ ಇದ್ದದ್ದು ಜೋಳದ ಚೀಲಗಳ ಸಾಲು. ಸಣ್ಣವಳಿದ್ದಾಗ ಅಪ್ಪ ಜೋಳದ ಚೀಲಕ್ಕೆ ಕೈ ಮುಗಿಯುತ್ತಾನೆ ಅಂದುಕೊಂಡಿದ್ದೆ. ಹಾಗಂದುಕೊಂಡು ನಾನೂ ಮುಗಿಯುತ್ತಿದ್ದೆ.

ಅಪ್ಪನ ದುಡಿಮೆ ಸುಗ್ಗಿ ಮುಗಿದ ಮೇಲೆ ಶುರು. ಯುಗಾದಿಗೋ ಜಾತ್ರೆಗೋ ನಾಟಕ ಆಡಬೇಕು ಅಂತ ಊರಿನ ಹುಡುಗರು ಗುಂಪು ಕಟ್ಟಿಕೊಂಡು ಬರೋರು. ಎರಡು ತಿಂಗಳ ತಾಲೀಮು. ಇಷ್ಟು ದುಡ್ಡು, ಇಷ್ಟು ಜೋಳ ಅಂತ ಮಾತಾಗುತ್ತಿತ್ತು. ಊಟ ದಿನಕ್ಕೊಂದು ಮನೆಯಲ್ಲಿ. ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಲಿಂಗಸುಗೂರಿನ ಆಚೆಯ ಹಳ್ಳಿಯಿಂದ ಕರೆ ಬಂದರೂ ಅಪ್ಪ ನಮ್ಮ ಜಿಲ್ಲೆಯೇ ಅಲ್ವಾ ಅಂತ ಹೊರಟುಬಿಡುತ್ತಿದ್ದ. ಪೇಟಿಗೆ ಹಳೇ ಕೌದಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಭಾನಾಪುರ ಸ್ಟೇಷನ್ನಿನಲ್ಲಿ ಇಳಿದು ನಡೆದು ಬರುವ ಅಪ್ಪನನ್ನು ನಾನು ಎಷ್ಟು ಸಲ ನೋಡಿದ್ದೇನೋ. ದೂರದಿಂದ ಮುಖ ಕಾಣುತ್ತಿರಲಿಲ್ಲ, ಹೆಗಲ ಮೇಲಿನ ಕೌದಿಯ ಗಂಟು ಕಾಣುತ್ತಿತ್ತು. ಅದು ಕಂಡ ಕೂಡಲೇ ಅವ್ವ ಒಳಗೆ ಹೋಗಿ ಒಲೆಗೆ ಹಂಚಿಡುತ್ತಿದ್ದಳು.

ಅವನು ಕಲಿಸುವ ರೀತಿಯನ್ನು ಒಂದು ಸಲ ಕಣ್ಣಾರೆ ನೋಡಿದೆ. ನನಗಾಗ ಹತ್ತು ವರ್ಷ, ಬೇಸಿಗೆ ರಜೆ, ಅಪ್ಪನ ಜೊತೆ ಹೋಗಿದ್ದೆ. ನಾಯಕನ ಪಾತ್ರಕ್ಕೆ ಒಬ್ಬ ಒಕ್ಕಲಿಗ ಹುಡುಗ. ಒಳ್ಳೆ ಮೈಕಟ್ಟು, ಒಳ್ಳೆ ಮಾತು. ಹಾಡು ಅಂದರೆ ಮಾತ್ರ ಗಂಟಲು ಕಟ್ಟುತ್ತಿತ್ತು. ಪೇಟಿ ಒಂದು ಕಡೆ, ಅವನ ದನಿ ಒಂದು ಕಡೆ. ಸುತ್ತ ಕೂತವರು ನಗಲು ಶುರು ಮಾಡಿದರು. ಅಪ್ಪ ಅವರನ್ನೆಲ್ಲ ಹೊರಗೆ ಕಳಿಸಿದ. ಆಮೇಲೆ ಕೇಳಿದ, "ತಮ್ಮಾ, ಹೊಲದಾಗ ಎತ್ತಿಗೆ ಹೆಂಗ ಕೂಗ್ತೀ? ಹಂಗ ಒಂದ್ಸಲ ಕೂಗು."

ಹುಡುಗ ನಾಚಿಕೊಂಡ. ಅಪ್ಪ ಬಿಡಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಕೂಗೇ ಬಿಟ್ಟ. ಆ ಕೂಗು ಇನ್ನೂ ಗಾಳಿಯಲ್ಲಿರುವಾಗಲೇ ಅಪ್ಪನ ಬೆರಳು ಪೇಟಿಯ ಮೇಲೆ ಒಂದು ಕಡೆ, ಇನ್ನೊಂದು ಕಡೆ ಹುಡುಕಿ, ಒಂದು ಮನೆಯ ಮೇಲೆ ನಿಂತಿತು. ಎರಡೂ ದನಿ ಒಂದಾದವು. "ಬಿಳಿ ಮೂರು," ಅಂದ ಅಪ್ಪ. "ಇದು ನಿನ್ನ ಮನಿ. ಇಲ್ಲಿಂದ ಎದ್ದು ಹೋಗು, ತಿರುಗಾಡು, ಮತ್ತ ಇಲ್ಲಿಗೇ ಬಾ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪೇಟಿಯಲ್ಲಿ ಬೆರಳಿಂದ ಒತ್ತುವ ಪಟ್ಟಿಗೆ ಮನೆ ಅನ್ನುವುದು. ಒಂದು ಸಪ್ತಕಕ್ಕೆ, ಅಂದರೆ ಒಂದು ಸ ಇಂದ ಮೇಲಿನ ಸ ತನಕ, ಏಳು ಬಿಳಿ ಮನೆ, ಐದು ಕರಿ ಮನೆ. ಹಾಡುವವರ ಶ್ರುತಿಯನ್ನು, ಅಂದರೆ ದನಿ ನೆಲೆ ನಿಲ್ಲುವ ಸ್ವರವನ್ನು, ಅದರ ಮೇಲೆಯೇ ಗುರುತಿಸುವುದು. ಒಬ್ಬರದು ಕರಿ ಒಂದು, ಇನ್ನೊಬ್ಬರದು ಬಿಳಿ ನಾಲ್ಕು, ಹೀಗೆ. ಎಷ್ಟೋ ಮಾಸ್ತರರು ತಮಗೆ ಬೆರಳು ಸಲೀಸಾಗಿ ಓಡುವ ಶ್ರುತಿಯಲ್ಲೇ ಕೂತು, ಹಾಡುವವನನ್ನು ಅಲ್ಲಿಗೆ ಎಳೆಯುತ್ತಾರೆ. ಅಪ್ಪ ಎದ್ದು ಹಾಡುವವನ ಮನೆಗೆ ಹೋಗುತ್ತಿದ್ದ. ಅದಕ್ಕೆ ಹನ್ನೆರಡು ಮನೆಯಲ್ಲೂ ಕೈ ಪಳಗಿರಬೇಕು. ಅದು ಸುಮ್ನೆ ಬರುವ ವಿದ್ಯೆ ಅಲ್ಲ. ಬೆಳಗಿನ ಜಾವ ಎದ್ದು, ಮಕ್ಕಳಿಗೆ ಎಚ್ಚರ ಆಗಬಾರದು ಅಂತ ಗಾಳಿ ಹಾಕದೆ, ಬರೀ ಬೆರಳಾಡಿಸುತ್ತಿದ್ದ. ಸ್ವರವಿಲ್ಲದ ಪೇಟಿಯ ಆ ಟಕ ಟಕ ಸದ್ದು, ಹಿಂದೆಯೇ ಅವ್ವ ರೊಟ್ಟಿ ಬಡಿಯುವ ಸದ್ದು. ನಮ್ಮ ಮನೆಯ ಬೆಳಗು ಅಂದರೆ ಇವೆರಡೇ.

ಅವನ ಕಿವಿಗೆ ಎಲ್ಲದಕ್ಕೂ ಒಂದು ಶ್ರುತಿ ಇತ್ತು. ನನ್ನದು ಕರಿ ಐದು. ತಮ್ಮನದು ಮೀಸೆ ಬರುವತನಕ ಒಂದು, ಬಂದ ಮೇಲೆ ಇನ್ನೊಂದು. ಕುಕನೂರಿಗೆ ಹೋಗುವ ಬಸ್ಸಿನ ಹಾರ್ನು ಬಿಳಿ ಎರಡು. ಅವ್ವ ಬೀಸುಕಲ್ಲಿನ ಮುಂದೆ ಕೂತು ತವರಿನ ಪದ ಹಾಡಿದರೆ, ಅಪ್ಪ ಪಡಸಾಲೆಯಿಂದ ಮೆಲ್ಲಗೆ ಕರಿ ನಾಲ್ಕು ಹಿಡಿಯುತ್ತಿದ್ದ. ಅವ್ವ ಕೂಡಲೇ ಹಾಡು ನಿಲ್ಲಿಸಿಬಿಡುತ್ತಿದ್ದಳು, ನಾಚಿಕೆ. ಅಪ್ಪನೂ ನಿಲ್ಲಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಬೀಸುಕಲ್ಲು ತಿರುಗುವ ಸದ್ದು, ಅದರ ಹಿಂದೆ ಮತ್ತೆ ಪದ, ಅದರ ಹಿಂದೆ ಮತ್ತೆ ಪೇಟಿ.

ವರ್ಷಕ್ಕೊಮ್ಮೆ, ಆಯುಧ ಪೂಜೆಯ ಹಿಂದಿನ ದಿನ, ಅಪ್ಪ ಪೇಟಿ ಬಿಚ್ಚುತ್ತಿದ್ದ. ನಮಗೆಲ್ಲ ಹಬ್ಬ ಅವತ್ತೇ. ಮೇಲಿನ ಹಲಗೆ ತೆಗೆದರೆ ಒಳಗೆ ಸಾಲಾಗಿ ಹಿತ್ತಾಳೆಯ ರೀಡುಗಳು. ಅವು ಗುಜರಾತಿನ ಪಾಲಿತಾಣಾದಿಂದ ಬಂದವು ಅಂತ ಅಪ್ಪ ಹೇಳುತ್ತಿದ್ದ. ಪ್ರತಿ ರೀಡಿಗೂ ಅಕ್ಕಿಕಾಳಿಗಿಂತ ಸಪೂರವಾದ ಒಂದು ನಾಲಿಗೆ. ಅದರ ಕೆಳಗೆ ತೆಳು ಕಾಗದ ತೂರಿಸಿ ಧೂಳು ತೆಗೆಯುವುದು ನನ್ನ ಕೆಲಸ. ಶ್ರುತಿ ಇಳಿದಿದ್ದರೆ ನಾಲಿಗೆಯ ತುದಿಯನ್ನು ಒಂದು ಚೂರು ಕೆರೆಯಬೇಕು, ಸ್ವರ ಏರುತ್ತದೆ. ಏರಿದ್ದರೆ ಬುಡದಲ್ಲಿ ಕೆರೆಯಬೇಕು, ಇಳಿಯುತ್ತದೆ. ಜಾಸ್ತಿ ಕೆರೆದರೆ ರೀಡು ಸತ್ತಂತೆಯೇ. ಕೆರೆದಾಗ ಉದುರಿದ ಹಿತ್ತಾಳೆಯ ಪುಡಿ ಅಪ್ಪನ ಉಗುರಿನ ಸಂದಿಯಲ್ಲಿ ಅರಿಶಿನದ ಹಾಗೆ ಕೂತಿರುತ್ತಿತ್ತು. ಒಂದು ವರ್ಷ ಇಲಿ ಗಾಳಿ ಹಾಕುವ ತಿದಿ ಕಡಿದುಬಿಟ್ಟಿತು. ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಚ್ಚುತ್ತಾರಲ್ಲ, ಅಂಥದೇ ಹುಣಸೆಬೀಜದ ಅಂಟು ಕುದಿಸಿ, ಅವ್ವನ ಹಳೇ ಇಳಕಲ್ ಸೀರೆಯ ತುಂಡು ಹಚ್ಚಿದ. ಆ ಕೆಂಪು ಅಂಚು ಇವತ್ತಿಗೂ ಅಲ್ಲೇ ಇದೆ.

ಒಂದೂರಿನಲ್ಲಿ ಎರಡು ತಿಂಗಳು ದುಡಿಸಿಕೊಂಡು ಪೂರಾ ದುಡ್ಡು ಕೊಡದೆ ಕಳಿಸಿದರು. ಆ ಊರಿನ ಹೆಸರು ಬೇಡ. ಆ ವರ್ಷ ತಮ್ಮನ ಶಾಲೆಯ ಬಟ್ಟೆಗೂ ಸಾಲ ಮಾಡಬೇಕಾಯಿತು. ಅವ್ವ ಅತ್ತಳು. ಅಪ್ಪ ಅವತ್ತು ಪೇಟಿ ಮುಟ್ಟಲಿಲ್ಲ. ಮರುದಿನ ಭಜನೆಗೆ ಕರೆದಾಗ ಹೋದ. ಭಜನೆಗೆ ಯಾವತ್ತೂ ದುಡ್ಡು ತಗೊಂಡವನಲ್ಲ. ಗವಿಮಠದ ಜಾತ್ರೆಯಲ್ಲೂ ಅಷ್ಟೇ, ನಮ್ಮೂರಿನವರು ದಾಸೋಹಕ್ಕೆ ರೊಟ್ಟಿ ಹೊತ್ತು ಹೊರಟರೆ ಅಪ್ಪ ಪೇಟಿ ಹೊತ್ತು ಹೊರಡುತ್ತಿದ್ದ. ಮೊಹರಂ ಬಂದರೆ ಮಾತ್ರ ಪೇಟಿ ಮನೆಯಲ್ಲೇ. ಆಗ ಗುಂಪಾಗಿ ಹಾಡುವ ಅಲಾಯಿ ಪದಕ್ಕೆ ಪೇಟಿ ಬೇಕಿಲ್ಲ. ಅಪ್ಪ ಗುಂಪಿನ ಹಿಂದೆ ನಿಂತು ಬರೀ ಕೇಳುತ್ತಿದ್ದ. ಅಲ್ಲಿ ಕೇಳಿದ ಧಾಟಿ ಮುಂದಿನ ವರ್ಷ ಯಾವುದೋ ನಾಟಕದ ದುಃಖದ ಹಾಡಾಗಿ ಬರುತ್ತಿತ್ತು.

ಆಕಾಶವಾಣಿಯಲ್ಲಿ ಕೂತು ಪೇಟಿ ಮಾಸ್ತರನ ನೆನಪು ಹೇಳುವಾಗ ಇದನ್ನು ಹೇಳಲೇಬೇಕು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಪೇಟಿಗೆ ಜಾಗ ಇರಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಜಾರಲಾರದು, ನೆಗೆಯುತ್ತದೆ. ನಮ್ಮ ಸಂಗೀತಕ್ಕೆ ಒಂದು ಸಪ್ತಕದಲ್ಲಿ 22 ಶ್ರುತಿ, ಅಂದರೆ 22 ಸೂಕ್ಷ್ಮ ಸ್ವರ ಬೇಕು, ಪೇಟಿಯಲ್ಲಿ ಹನ್ನೆರಡೇ ಮನೆ. ಇದು ಕಾರಣ. ರವೀಂದ್ರನಾಥ ಠಾಗೋರರಂಥವರೂ ಪೇಟಿ ಬೇಡ ಅಂದವರೇ. ಅಪ್ಪನಿಗೆ ಇದರ ಬಗ್ಗೆ ಸಿಟ್ಟಿರಲಿಲ್ಲ, ನೋವಿತ್ತು. "ಅವರು ಹೇಳೋದು ಖರೇನ. ಆದ್ರ ನಮ್ಮ ಹಳ್ಳಿ ಹುಡುಗರಿಗೆ ಇದು ಬಿಟ್ರ ಯಾರು ಸಾಥ್ ಕೊಡ್ತಾರ?" ಅನ್ನುತ್ತಿದ್ದ. ನನಗೂ ಅಪ್ಪನ ಮಾತೇ ಸರಿ ಅನಿಸುತ್ತದೆ. ಕರೆಂಟಿಲ್ಲದ ಊರಿಗೆ ಹೆಗಲ ಮೇಲೆ ಹೋಗಿ, ಬಿಸಿಲಿಗೂ ಮಳೆಗೂ ಶ್ರುತಿ ಬಿಡದೆ, ಅಕ್ಷರ ಬಾರದವನ ಬಾಯಲ್ಲೂ ಹಾಡು ಹೊರಡಿಸಿದ್ದು ಇದೇ ಪೆಟ್ಟಿಗೆ.

ನಿರ್ಬಂಧ ಸಡಿಲವಾದ ಮೇಲೆ ಒಂದು ರಾತ್ರಿ ಪಕ್ಕದ ಮನೆಯ ರೇಡಿಯೋದಲ್ಲಿ ಗಾಯನದ ಹಿಂದೆ ಪೇಟಿ ಕೇಳಿಸಿತಂತೆ. ಅಪ್ಪ ಅವ್ವನಿಗೆ ಮದುವೆಯಾದ ಹೊಸತು. ಅಪ್ಪ ಉಣ್ಣುತ್ತಿದ್ದವನು ಎದ್ದು ಹೋಗಿ, ಎಂಜಲು ಕೈಯಲ್ಲೇ ಆ ಮನೆಯ ಕಿಟಕಿ ಹತ್ತಿರ ಹಾಡು ಮುಗಿಯುವತನಕ ನಿಂತಿದ್ದನಂತೆ. ತಾಟಿನಲ್ಲಿ ಪುಂಡಿಪಲ್ಯ ಆರಿಹೋಯಿತು ಅಂತ ಅವ್ವ ಈಗಲೂ ಹೇಳುತ್ತಾಳೆ. ಆಮೇಲೆ ನಮ್ಮ ಮನೆಗೂ ರೇಡಿಯೋ ಬಂತು. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಬಂದರೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು.

ಎಪ್ಪತ್ತೇಳನೇ ವಯಸ್ಸಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ ಹೋಯಿತು. ಪೇಟಿಯಲ್ಲಿ ಸ್ವರ ಬಲಗೈಯದು, ಗಾಳಿ ಎಡಗೈಯದು. ಗಾಳಿ ಇಲ್ಲದೆ ಸ್ವರ ಎಲ್ಲಿಂದ ಬರಬೇಕು? ಆಸ್ಪತ್ರೆಯಿಂದ ಬಂದವನು ಮೂರು ತಿಂಗಳು ಪೇಟಿಯ ಕಡೆ ನೋಡಲೇ ಇಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಬಲಗೈ ಬೆರಳು ಮಾತ್ರ ಕೌದಿಯ ಮೇಲೆ ಆಡುತ್ತಿದ್ದವು.

ಅವ್ವ ಅದನ್ನು ನೋಡಿದಳು. ಒಂದು ಸಂಜೆ ಪೇಟಿ ತಂದು ಮಂಚದ ಪಕ್ಕ ಇಟ್ಟಳು. ಐವತ್ತು ವರ್ಷ ಆ ಪೇಟಿಯ ಧೂಳು ಒರೆಸಿದವಳು, ಒಂದು ದಿನವೂ ಅದಕ್ಕೆ ಗಾಳಿ ಹಾಕಿದವಳಲ್ಲ. ಎದುರಿಗೆ ಕೂತು, ತಿದಿಯ ಕೊಕ್ಕೆ ಬಿಚ್ಚಿ, "ಹೆಂಗ ಹಾಕಬೇಕು ಹೇಳ್ರಿ," ಅಂದಳು.

ಮೊದಮೊದಲು ಗಾಳಿ ಒಮ್ಮೆ ನುಗ್ಗುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಸ್ವರ ಬಿಕ್ಕಿದಂತೆ ಕೇಳುತ್ತಿತ್ತು. ಅಪ್ಪನ ನಾಲಿಗೆಯೂ ಆಗ ಸರಿಯಾಗಿ ಹೊರಳುತ್ತಿರಲಿಲ್ಲ. ತೊದಲುತ್ತಲೇ ಹೇಳಿಕೊಟ್ಟ, ಬೀಸುಕಲ್ಲು ತಿರುವಿದ ಹಾಗೆ, ಅವಸರ ಬೇಡ, ನಿಲ್ಲಿಸೋದು ಬೇಡ. ಬೀಸುಕಲ್ಲು ಅಂದ ಕೂಡಲೇ ಅವ್ವನಿಗೆ ಕೈ ಹತ್ತಿತು. ಆಮೇಲೆ ಎರಡು ವರ್ಷ, ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಕೂರುತ್ತಿದ್ದರು. ಗಾಳಿ ಅವ್ವನದು, ಬೆರಳು ಅಪ್ಪನದು. ಹಾಡಿಗೆ ತಕ್ಕಂತೆ ಗಾಳಿ ಏರಿಸಬೇಕು, ಇಳಿಸಬೇಕು, ಅದನ್ನೂ ಅವ್ವ ಕಲಿತಳು. ಜನ್ಮವೆಲ್ಲ ಇನ್ನೊಬ್ಬರಿಗೆ ಸಾಥ್ ಕೊಟ್ಟವನಿಗೆ ಅವಳು ಸಾಥ್ ಕೊಟ್ಟಳು. ಆಗ ಅವಳು ನಾಚಿಕೊಳ್ಳುವುದನ್ನೂ ಬಿಟ್ಟಿದ್ದಳು. ಬೀಸುವಾಗಿನ ತವರಿನ ಪದವನ್ನು ಪೂರಾ ಹಾಡುತ್ತಿದ್ದಳು. ಕೊನೆಯ ಸಂಜೆಯೂ ಹಾಡಿದ್ದಳು.

ಅಪ್ಪ ಹೋದ ಮೇಲೆ ಪೇಟಿಗೆ ಕೌದಿ ಸುತ್ತಿ ಇಟ್ಟಿದ್ದೆವು. ಇವತ್ತು ಅದನ್ನು ಈ ಕೋಣೆಗೆ ತಂದಿದ್ದೇನೆ. ಪಕ್ಕದಲ್ಲಿ ಅವ್ವ ಕೂತಿದ್ದಾಳೆ, ಕೊಕ್ಕೆ ಬಿಚ್ಚಿದ್ದಾಳೆ. ನನಗೆ ಅಪ್ಪನ ಕೈ ಬಂದಿಲ್ಲ, ಒಂದೇ ಮನೆ ಒತ್ತಿ ಹಿಡಿಯಬಲ್ಲೆ. ಗಾಳಿ ಅವ್ವ ಹಾಕುತ್ತಾಳೆ. ಕರಿ ನಾಲ್ಕು. ಕೇಳಿ.